ನೀರಿನ ಮಾಲಿನ್ಯದ ಪಾಠಕ್ಕೆ 40 ಮಕ್ಕಳು: ಪಣಂಬೂರಿನ ಕಡಲತೀರವೋ, ಶ್ರೀರಂಗಪಟ್ಟಣದ ಮೆಟ್ಟಿಲೋ?

ಸೀಮೆಸುಣ್ಣ (ಪ್ರಶ್ನೆ ಹಾಕಿದವರು)

ಮಂಡ್ಯ ಹತ್ತಿರದ ಹಿರಿಯ ಪ್ರಾಥಮಿಕ ಶಾಲೆ. 6 ಮತ್ತು 7ನೇ ತರಗತಿ ಸೇರಿ 40 ಮಕ್ಕಳು. ಈ ವರ್ಷದ ಪ್ರವಾಸ ಮಂಗಳೂರು ಕಡೆಗೆ. ಬೆಳಿಗ್ಗೆ ಎರಡು ಗಂಟೆ ಪಣಂಬೂರು ಕಡಲತೀರದಲ್ಲಿ ಕಸ ಹೆಕ್ಕಿಸಿ, "ನಾವು ಕಾವೇರಿಗೆ ಹಾಕಿದ್ದು ಕೊನೆಗೆ ಇಲ್ಲಿಗೆ ಬರುತ್ತೆ" ಅಂತ ತೋರಿಸಬೇಕು ಅನ್ನೋದು ಯೋಚನೆ. ಸಾಮಾನು ಏನೇನು ಬೇಕು, ಎಷ್ಟು ಬೇಕು, ಮಕ್ಕಳಿಂದ ಏನು ಬರೆಸಬೇಕು, ಎಲ್ಲಿ ಎಡವಟ್ಟಾಗುತ್ತೆ, ತಿಳಿದವರು ಹೇಳಿ.

ನೀರ್ಗಂಟಿ

ಮೇಷ್ಟ್ರೇ, ಬಸ್ಸು ಗೊತ್ತು ಮಾಡೋ ಮೊದಲು ನಕ್ಷೆ ಬಿಡಿಸಿ. ಕಾವೇರಿ ಹರಿಯೋದು ಪೂರ್ವಕ್ಕೆ. ಶ್ರೀರಂಗಪಟ್ಟಣ, ತಿರುಮಕೂಡಲು, ತಲಕಾಡು, ಶಿವನಸಮುದ್ರ, ಮೇಕೆದಾಟು, ಹೊಗೇನಕಲ್, ಮೆಟ್ಟೂರು ದಾಟಿ ಪೂಂಪುಹಾರ್ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತೆ. ಪಣಂಬೂರಿನ ಮರಳ ಮೇಲೆ ಬಿದ್ದಿರೋದು ನೇತ್ರಾವತಿ, ಗುರುಪುರ ಹೊಳೆಗಳು ತಂದದ್ದು, ಅಲ್ಲಿಗೇ ಬಂದವರು ಬಿಟ್ಟು ಹೋದದ್ದು, ಮೀನುಗಾರಿಕೆಯ ಬಲೆ, ಹಗ್ಗ. ಪಶ್ಚಿಮ ಘಟ್ಟದ ನೆತ್ತಿಯಲ್ಲಿ ಬಿದ್ದ ಮಳೆ ಈಚೆ ಇಳಿದರೆ ನಮ್ಮದು, ಆಚೆ ಇಳಿದರೆ ಅವರದ್ದು. ಮಂಡ್ಯದ ಒಂದು ಗುಟ್ಕಾ ಚೀಟಿಯೂ ನೀರಿನ ದಾರಿ ಹಿಡಿದು ಪಣಂಬೂರಿಗೆ ಹೋಗಲ್ಲ. ನಕ್ಷೆ ಓದಲು ಬರುವ ಏಳನೇ ಕ್ಲಾಸಿನ ಮಗು ಇದನ್ನ ಕೇಳಿಯೇ ಕೇಳುತ್ತೆ.

ಇನ್ನೊಂದು. ಇಲ್ಲಿ ಎಸೆದದ್ದೆಲ್ಲ ಬಂಗಾಳ ಕೊಲ್ಲಿಗಾದರೂ ನೆಟ್ಟಗೆ ಹೋಗುತ್ತಾ ಅಂದರೆ ಅದೂ ಇಲ್ಲ. ದಡದ ಜೊಂಡು, ಮರದ ಬೇರು, ಕಟ್ಟೆಗಳ ಹಿನ್ನೀರು, ಮೆಟ್ಟೂರಿನ ಹೂಳು ಎಲ್ಲವೂ ಹಿಡಿದುಕೊಳ್ಳುತ್ತವೆ. "ಇವತ್ತು ಎಸೆದರೆ ನಾಳೆ ಆಮೆಯ ಹೊಟ್ಟೆಯಲ್ಲಿ" ಅನ್ನೋದಕ್ಕಿಂತ "ನಮ್ಮ ಕುಡಿಯೋ ನೀರಿನ ಹೂಳಲ್ಲೇ ಕೂತಿರುತ್ತೆ" ಅನ್ನೋದು ನಿಜಕ್ಕೆ ಹತ್ತಿರ. ಮಕ್ಕಳಿಗೆ ನಾಟೋದೂ ಅದೇ.

ನನ್ನ ಸಲಹೆ: ಪಾಠ ಶ್ರೀರಂಗಪಟ್ಟಣದಲ್ಲಿ ಮಾಡಿ. ಸ್ನಾನಘಟ್ಟ, ಪಶ್ಚಿಮವಾಹಿನಿ, ಗೋಸಾಯಿ ಘಾಟ್, ಸಂಗಮ. ಒಂದೊಂದು ಕಡೆ ಒಂದೊಂದು ತರಹದ ಕಸ ಸಿಗುತ್ತೆ, ಒಂದೊಂದಕ್ಕೂ ಬೇರೆ ಕಾರಣ ಇದೆ.

ಬೆಲ್ಲದಚ್ಚು

ನೀರ್ಗಂಟಿಯವ್ರು ಹೇಳಿದ್ದು ಸರಿ. ಆದ್ರೂ ಮಕ್ಳಿಗೆ ಸಮುದ್ರ ನೋಡೋ ಆಸೆ ಇರ್ತದೆ, ಅದನ್ನ ಯಾಕ್ ತಪ್ಪುಸ್ತೀರ ಬುಡಿ. ಮೊದ್ಲು ಇಲ್ಲಿ ಹೊಳೆ ದಡದಲ್ಲಿ ಲೆಕ್ಕ ಮಾಡ್ಸಿ, ಅದೇ ಹಾಳೆ ತಕ್ಕೊಂಡು ಪಣಂಬೂರಲ್ಲೂ ಅಷ್ಟೇ ಉದ್ದದ ಜಾಗ ಎಣಿಸ್ಲಿ. ಇಲ್ಲಿ ಬಟ್ಟೆ, ಕರ್ಪೂರದ ಪ್ಯಾಕೆಟ್ಟು, ಅಲ್ಲಿ ಬಲೆ, ಥರ್ಮಾಕೋಲು. ಯಾಕಿಂಗೆ ಅಂತ ಅವೇ ಕೇಳ್ತವೆ.

ಸೀಮೆಸುಣ್ಣ

ಕಾವೇರಿ ಪೂರ್ವಕ್ಕೆ ಹರಿಯುತ್ತೆ ಅಂತ ವರ್ಷಾ ವರ್ಷ ಬೋರ್ಡಿನ ಮೇಲೆ ಬರೆಯೋನು ನಾನೇ. ಒಪ್ಪಿದೆ. ಶ್ರೀರಂಗಪಟ್ಟಣ ಮೊದಲು, ಸಮುದ್ರ ಆಮೇಲೆ. ಜಾಗ ಮತ್ತು ತಿಂಗಳು ಹೇಳಿ.

ಹರಿಗೋಲು

ತಿಂಗಳು: ಡಿಸೆಂಬರ್ ನಡುವಿನಿಂದ ಫೆಬ್ರವರಿ. ಕಡಲತೀರ ಸ್ವಚ್ಛತೆಯ ಅಂತರರಾಷ್ಟ್ರೀಯ ದಿನ ಸೆಪ್ಟೆಂಬರಿನ ಮೂರನೇ ಶನಿವಾರ ಅಂತ ಎಲ್ಲ ಕಡೆ ನೋಡ್ತೀರಿ, 1986ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಆ ತಾರೀಖನ್ನ ಕಣ್ಣು ಮುಚ್ಚಿ ನಮ್ಮ ಹೊಳೆಗೆ ತರಬೇಡಿ. ಆಗ ಕನ್ನಂಬಾಡಿ ಅಣೆಕಟ್ಟೆ (ಕೆಆರ್‌ಎಸ್) ತುಂಬಿರಬಹುದು, ಗೇಟು ಎತ್ತಿದರೆ ಸ್ನಾನಘಟ್ಟದ ಕೆಳಗಿನ ಮೆಟ್ಟಿಲು ಕಾಣೋದೇ ಇಲ್ಲ.

ಹಿಂದಿನ ನಾಲ್ಕು ದಿನ ಪತ್ರಿಕೆಯಲ್ಲಿ ಕೆಆರ್‌ಎಸ್ ಹೊರಹರಿವು ಬರೆದಿಟ್ಟುಕೊಳ್ಳಿ. ಅಂಕಿ ಎಷ್ಟು ಅನ್ನೋದಕ್ಕಿಂತ ಏರುತ್ತಿದೆಯಾ ಅನ್ನೋದು ಮುಖ್ಯ. ಏರುತ್ತಿದ್ದರೆ ಮುಂದೂಡಿ. ಆ ಅಂಕಿಯಲ್ಲಿ ನಾಲೆಗೆ ಬಿಟ್ಟದ್ದೂ ಸೇರಿರಬಹುದು, ಆದ್ದರಿಂದ ಹಿಂದಿನ ಸಂಜೆ ಒಬ್ಬರು ಹೋಗಿ ಮೆಟ್ಟಿಲ ಮೇಲೆ ಸೀಮೆಸುಣ್ಣದಲ್ಲಿ (ನಿಮ್ಮ ಹೆಸರೇ) ನೀರಿನ ಮಟ್ಟಕ್ಕೆ ಗೆರೆ ಎಳೆದು ಬನ್ನಿ. ಬೆಳಿಗ್ಗೆ ಗೆರೆ ಮುಳುಗಿದ್ದರೆ ಮಕ್ಕಳು ಮೇಲಿನ ಕಟ್ಟೆಯಿಂದ ಕೆಳಗೆ ಇಳಿಯೋ ಹಾಗಿಲ್ಲ.

ಮೊಸಳೆ ವಿಷಯ ತಮಾಷೆ ಅಲ್ಲ. ರಂಗನತಿಟ್ಟು ಮೂರ್ನಾಲ್ಕು ಕಿಲೋಮೀಟರಿನಲ್ಲೇ ಇದೆ, ಮೊಸಳೆಗೆ ಪಕ್ಷಿಧಾಮದ ಗಡಿ ಗೊತ್ತಿಲ್ಲ. ಚಳಿಗಾಲದಲ್ಲಿ ಬಂಡೆ ಮೇಲೆ, ಮರಳ ಮೇಲೆ ಬಿಸಿಲು ಕಾಯಿಸುತ್ತವೆ. ಜೊಂಡು ಬೆಳೆದ ದಡ, ನಿರ್ಜನ ಮಡು, ನಡುಗಡ್ಡೆ ಯಾವುದೂ ಬೇಡ. ಜನ ಓಡಾಡುವ ಕಲ್ಲಿನ ಮೆಟ್ಟಿಲಿರುವ ಘಟ್ಟ ಮಾತ್ರ, ನೀರಿನ ಅಂಚಿಂದ 3 ಮೀಟರ್ ಮೇಲೆ. ಆ 3 ಮೀಟರಿಗೆ ಹಗ್ಗ ಕಟ್ಟಿ. ಹಗ್ಗದಾಚೆಯ ಕಸ ದೊಡ್ಡವರದ್ದು. ಮಕ್ಕಳ ಕಾಲು ನೀರಿಗೆ ತಾಗಲೇಬಾರದು.

ಮಂಡ್ಯದಲ್ಲಿ ಮನೆ ಹತ್ತಿರವೇ ನಾಲೆ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಹತ್ತಿರ ಬೇಡವೇ ಬೇಡ. ಕಾಂಕ್ರೀಟ್ ಹಾಕಿದ ಇಳಿಜಾರು, ಪಾಚಿ ಕಟ್ಟಿರುತ್ತೆ, ಬಿದ್ದರೆ ಈಜು ಬಂದವರೂ ಹತ್ತೋಕೆ ಹಿಡಿ ಸಿಗಲ್ಲ.

ಅಗ್ರಹಾರದವರು

ಪಶ್ಚಿಮವಾಹಿನಿಯ ಬಗ್ಗೆ ಒಂದು ಮಾತು. ಅಲ್ಲಿ ಅಸ್ಥಿ ವಿಸರ್ಜನೆ ನಡೆಯುತ್ತೆ. ದುಃಖದಲ್ಲಿ ಇರೋರ ಮುಂದೆ 40 ಮಕ್ಕಳು ಇಕ್ಕಳ ಹಿಡಿದು ನಿಲ್ಲೋದು ಚೆನ್ನಾಗಿರಲ್ಲ. ಅಮಾವಾಸ್ಯೆ, ಪಿತೃಪಕ್ಷ, ಭಾನುವಾರ ಬಿಡಿ, ವಾರದ ನಡುವೆ ಹೋಗಿ. ಮೊದಲೇ ಅಲ್ಲಿನ ಪುರೋಹಿತರನ್ನ, ಹರಿಗೋಲಿನವರನ್ನ ಮಾತಾಡಿಸಿ. ಯಾವ ಹೊತ್ತಲ್ಲಿ ಜನ ಇರಲ್ಲ ಅಂತ ಅವರೇ ಹೇಳ್ತಾರೆ. ಮಡಕೆ, ಬೂದಿ, ಪಿಂಡ ಇದ್ದದ್ದನ್ನ ಮಕ್ಕಳು ಮುಟ್ಟೋದು ಬೇಡ. ಫೋಟೋ ತೆಗೆಯೋದಾದರೆ ಕ್ಯಾಮೆರಾ ಕಸದ ಕಡೆಗಿರಲಿ, ಜನರ ಕಡೆಗಲ್ಲ. ಮೊದಲ ಸಲಕ್ಕೆ ಸ್ನಾನಘಟ್ಟವೇ ವಾಸಿ.

ಬಿಟ್ಟ ಬಟ್ಟೆ ಬಗ್ಗೆ ಮಕ್ಕಳು "ಜನ ಎಷ್ಟು ಕೆಟ್ಟವರು" ಅಂತ ಹೇಳೋಕೆ ಶುರು ಮಾಡ್ತಾರೆ. ಅಲ್ಲಿಗೆ ಪಾಠ ನಿಂತುಹೋಗುತ್ತೆ. ಬಟ್ಟೆ ಬಿಡಬೇಕು ಅನ್ನೋ ನಂಬಿಕೆ ಒಂದು, ಬಿಟ್ಟದ್ದನ್ನ ಹಾಕೋಕೆ ತೊಟ್ಟಿ ಎಲ್ಲಿದೆ ಅನ್ನೋದು ಇನ್ನೊಂದು. ಹತ್ತಿರದ ತೊಟ್ಟಿಗೆ ಎಷ್ಟು ಹೆಜ್ಜೆ ಅಂತ ಮಕ್ಕಳಿಂದಲೇ ಅಳೆಸಿ.

ಗುಜರಿಲೆಕ್ಕ

ಸಾಮಾನಿನ ಲೆಕ್ಕ, 40 ಮಕ್ಕಳಿಗೆ. 5 ಮಕ್ಕಳ 8 ಗುಂಪು. ಪ್ರತಿ ಗುಂಪಲ್ಲಿ ಹೆಕ್ಕೋರು 2, ಚೀಲ ಹಿಡಿಯೋರು 1, ಬರೆಯೋರು 1, ಕೂಗಿ ಹೇಳೋರು 1. ಪ್ರತಿ ಇಪ್ಪತ್ತು ನಿಮಿಷಕ್ಕೆ ಕೆಲಸ ಬದಲು.

ಉದ್ದ ಇಕ್ಕಳ 18 (16 ಬಳಕೆಗೆ, 2 ಹೆಚ್ಚುವರಿ). ಕೈಗವಸು 45 ಜೊತೆ, ಅಂಗೈಗೆ ರಬ್ಬರ್ ಬಳಿದ ನೂಲಿನದ್ದು, ಸಣ್ಣ ಅಳತೆ. ಡಾಕ್ಟರು ಹಾಕೋ ತೆಳು ಕೈಗವಸು ಮುಳ್ಳಿಗೆ ಹರಿಯುತ್ತೆ, ಹರಿದದ್ದು ಗೊತ್ತೇ ಆಗಲ್ಲ. ದೊಡ್ಡವರ ಅಳತೆ ತಂದರೆ ಬೆರಳು ಜಾರಿ ಮಕ್ಕಳು ಹತ್ತು ನಿಮಿಷಕ್ಕೆ ಕಿತ್ತು ಬಿಸಾಡ್ತಾವೆ. ಗೋಣಿಚೀಲ 24. ಸಿಮೆಂಟು, ಗೊಬ್ಬರದ ಪ್ಲಾಸ್ಟಿಕ್ ಚೀಲ ತರಬೇಡಿ. ಹಳೇದಾದರೆ ಎಳೆ ಎಳೆ ಉದುರಿ ನೀವೇ ಕಸ ಹಾಕಿದ ಹಾಗೆ. ಗಾಜು, ಬ್ಲೇಡು, ಸೂಜಿಗೆ ದಪ್ಪ ಪ್ಲಾಸ್ಟಿಕ್ಕಿನ ಎಣ್ಣೆ ಕ್ಯಾನ್ 2, ಮುಚ್ಚಳ ಸಮೇತ. ಸಿರಿಂಜು ಕಂಡರೆ ಮಗು ಕೈ ಎತ್ತಿ ಅಲ್ಲೇ ನಿಲ್ಲಬೇಕು, ದೊಡ್ಡವರು ಬಂದು ಇಕ್ಕಳದಲ್ಲಿ ಎತ್ತಬೇಕು. ನೇತುಹಾಕೋ ತಕ್ಕಡಿ 1. ಕುಡಿಯೋ ನೀರು 40 ಲೀಟರ್, ಕ್ಯಾನಿನಲ್ಲಿ, ಸ್ಟೀಲ್ ಲೋಟ ಸಮೇತ. ಕಸ ಹೆಕ್ಕೋಕೆ ಬಂದು ನೂರು ಬಾಟಲಿ ನೀರು ಹಂಚೋ ಕಾರ್ಯಕ್ರಮಗಳನ್ನ ಎಲ್ಲರೂ ನೋಡಿದ್ದೀವಿ.

ಗುಂಪಿಗೊಬ್ಬ ದೊಡ್ಡವರು, ಅಂದರೆ 8 ಜನ, ಜೊತೆಗೆ ಹಗ್ಗದ ಹತ್ತಿರ ನೀರಿಗೆ ಮುಖ ಮಾಡಿ ನಿಲ್ಲೋರು 2. ಆ ಇಬ್ಬರು ಕಸ ಹೆಕ್ಕಬಾರದು.

ಹೆಕ್ಕೋ ಕೆಲಸ ಒಂದು ಗಂಟೆಗಿಂತ ಹೆಚ್ಚು ಬೇಡ. 7:30ಕ್ಕೆ ಶುರು, 8:30ಕ್ಕೆ ನಿಲ್ಲಿಸಿ, ಉಳಿದದ್ದು ಎಣಿಕೆ. ಮಧ್ಯೆ ತಿಂಡಿ ಇಲ್ಲ. ಕೈಗವಸು ಕಳಚಿ ಸೋಪು ಹಾಕಿ ತೊಳೆದ ಮೇಲೆ ತಿಂಡಿ.

ಲ್ಯಾಬ್‌ಮೇಡಂ

ಕೈಕಾಲಲ್ಲಿ ಗಾಯ, ತರಚು ಇರೋ ಮಕ್ಕಳು ಹೆಕ್ಕೋದು ಬೇಡ, ಬರೆಯೋ ಕೆಲಸ ಕೊಡಿ. ಇಲಿಜ್ವರದ ರೋಗಾಣು ಇಲಿ, ದನ, ನಾಯಿಗಳ ಮೂತ್ರದಿಂದ ಒದ್ದೆ ಮಣ್ಣಿಗೆ, ನೀರಿಗೆ ಬರುತ್ತೆ. ತರಚಿದ ಚರ್ಮದಿಂದ ಒಳಗೆ ಹೋಗುತ್ತೆ. ಮನೆಗೆ ಕಳಿಸೋ ಚೀಟಿಯಲ್ಲಿ ಬರೆಯಿರಿ: ಮುಂದಿನ ಎರಡು ಮೂರು ವಾರದಲ್ಲಿ ಜ್ವರ ಬಂದರೆ ವೈದ್ಯರಿಗೆ "ಹೊಳೆ ದಡಕ್ಕೆ ಹೋಗಿದ್ದ" ಅಂತ ಹೇಳಿ.

ಈಗ ನನ್ನ ಮುಖ್ಯ ತಕರಾರು. ಎಲ್ಲರೂ ಕಸದ ಬಗ್ಗೆಯೇ ಮಾತಾಡ್ತಿದ್ದೀರಿ. ಪ್ರಶ್ನೆ ನೀರಿನ ಮಾಲಿನ್ಯದ್ದು. ಕಸ ಹೆಕ್ಕಿ ಬಂದ ಮಗುವಿನ ತಲೆಯಲ್ಲಿ "ದಡ ಚೊಕ್ಕ, ಹಾಗಾದರೆ ನೀರು ಚೊಕ್ಕ" ಅಂತ ಕೂತರೆ ಪಾಠ ತಿರುಗುಮುರುಗಾಯಿತು. ನಮ್ಮ ಹೊಳೆ ಕೆರೆಗಳಿಗೆ ದೊಡ್ಡ ಹೊಡೆತ ಕೊಡೋದು ಕಣ್ಣಿಗೆ ಕಾಣದ ಚರಂಡಿ ನೀರು. ತಿಳಿನೀರಲ್ಲೂ ಮಲದ ಬ್ಯಾಕ್ಟೀರಿಯಾ ಇರಬಹುದು. ಕೆಂಪಗೆ ಕದಡಿದ ಮಳೆನೀರಲ್ಲಿ ಬರೀ ಮಣ್ಣಿರಬಹುದು. ಎರಡನ್ನೂ ಅಕ್ಕಪಕ್ಕ ತೋರಿಸಬೇಕು.

ಸೀಮೆಸುಣ್ಣ

ಮೇಡಂ, ಶಾಲೆಯಲ್ಲಿ ಒಂದು ಟಿಡಿಎಸ್ ಮೀಟರ್ ಇದೆ, ಅದು ಸಾಕಾ?

ಲ್ಯಾಬ್‌ಮೇಡಂ

ಸಾಲದು. ದಾರಿ ತಪ್ಪಿಸುತ್ತೆ ಕೂಡ. ಟಿಡಿಎಸ್ ಮೀಟರ್ ಅಳೆಯೋದು ನೀರು ವಿದ್ಯುತ್ತನ್ನ ಎಷ್ಟು ಸಾಗಿಸುತ್ತೆ ಅಂತ, ಅದರಿಂದ ಉಪ್ಪಿನಂಶ ಅಂದಾಜು ಮಾಡುತ್ತೆ. ಬ್ಯಾಕ್ಟೀರಿಯಾ, ಕೀಟನಾಶಕ, ಎಣ್ಣೆ ಅದಕ್ಕೆ ಕಾಣಲ್ಲ. ಶಾಲೆಯ ಬೋರ್‌ವೆಲ್ ನೀರು ಕಾವೇರಿಗಿಂತ ಹೆಚ್ಚು ಅಂಕಿ ತೋರಿಸಿದರೆ ಮಕ್ಕಳು ಹೊಳೆ ನೀರೇ ಕುಡಿಯೋಕೆ ಒಳ್ಳೇದು ಅಂದುಬಿಡ್ತಾರೆ.

ಕಡಿಮೆ ಖರ್ಚಿನ, ಈ ವಯಸ್ಸಿಗೆ ಒಪ್ಪುವ ಪ್ರಯೋಗ ಮೆಥಿಲೀನ್ ಬ್ಲೂ. ಅಲಂಕಾರಿಕ ಮೀನು ಮಾರೋ ಅಂಗಡಿಯಲ್ಲಿ ಸಿಗುತ್ತೆ. ಒಂದೇ ಅಳತೆಯ ಬಿಳಿ ಗಾಜಿನ ಬಾಟಲಿ 3. ಒಂದರಲ್ಲಿ ರಾತ್ರಿಯಿಡೀ ತೆರೆದಿಟ್ಟ ನಲ್ಲಿ ನೀರು (ಕ್ಲೋರಿನ್ ಹೋಗಲಿ ಅಂತ), ಇನ್ನೊಂದರಲ್ಲಿ ಊರಿಗಿಂತ ಮೇಲಿನ ಹೊಳೆ ನೀರು, ಮೂರನೆಯದರಲ್ಲಿ ಚರಂಡಿ ಸೇರುವ ಜಾಗದ ನೀರು. ಕಂಠದವರೆಗೆ ತುಂಬಿ ಒಂದೆರಡು ಹನಿ ನೀಲಿ ಹಾಕಿ, ಮೂರಕ್ಕೂ ಅಷ್ಟೇ ಹನಿ. ಒಳಗೆ ಗಾಳಿಗುಳ್ಳೆ ಉಳಿಯದ ಹಾಗೆ ಮುಚ್ಚಿ, ಕತ್ತಲೆಯ ಬೀರುವಿನಲ್ಲಿಡಿ. ಕೊಳೆ ತಿನ್ನೋ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕ ಮುಗಿಸಿದ ಕೂಡಲೇ ನೀಲಿ ಮಾಯ. ಚರಂಡಿ ನೀರಿಂದ ಶುರುವಾಗುತ್ತೆ, ನಲ್ಲಿ ನೀರು ದಿನಗಟ್ಟಲೆ ನೀಲಿಯಾಗೇ ಇರುತ್ತೆ. ಬಣ್ಣ ಹೋದ ಬಾಟಲಿಯ ಮುಚ್ಚಳ ತೆಗೆದು ಸ್ವಲ್ಪ ಚೆಲ್ಲಿ ಮತ್ತೆ ಮುಚ್ಚಿ ಅಲ್ಲಾಡಿಸಿದರೆ ನೀಲಿ ವಾಪಸ್ ಬರುತ್ತೆ, ಗಾಳಿಯ ಆಮ್ಲಜನಕ ಸೇರಿತಲ್ಲ. ಅಲ್ಲಾಡಿಸೋದು ಟೀಚರು, ಕೈಗವಸು ಹಾಕಿಕೊಂಡು.

ಕೆಡೋದು ಎರಡು ಕಡೆ. ಗುಳ್ಳೆ ಉಳಿದರೆ ಬಣ್ಣ ಹೋಗೋದೇ ಇಲ್ಲ. ಕಿಟಕಿ ಹತ್ತಿರ ಇಟ್ಟರೆ ಪಾಚಿ ಆಮ್ಲಜನಕ ಬಿಟ್ಟು ಫಲಿತಾಂಶ ಹಾಳು.

ನೀರ್ಗಂಟಿ

ಕರಗಿದ ಆಮ್ಲಜನಕವನ್ನೇ ಅಳೆಯೋ ಕಿಟ್ ಬಗ್ಗೆಯೂ ಹೇಳಿ ಮೇಡಂ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಸ್ನಾನಕ್ಕೆ ಯೋಗ್ಯ ಅನ್ನೋ "ಬಿ" ವರ್ಗಕ್ಕೆ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ, ಬಿಒಡಿ (ಕೊಳೆ ತಿನ್ನೋಕೆ ಸೂಕ್ಷ್ಮಜೀವಿಗಳಿಗೆ ಬೇಕಾಗೋ ಆಮ್ಲಜನಕ) 3 ಮಿಲಿಗ್ರಾಂಗಿಂತ ಹೆಚ್ಚಿರಬಾರದು, ಪಿಎಚ್ (ಆಮ್ಲ-ಕ್ಷಾರದ ಅಳತೆ) 6.5ರಿಂದ 8.5, ಕೋಲಿಫಾರ್ಮ್ (ಮಲ ಸೇರಿರಬಹುದು ಅಂತ ಸೂಚಿಸೋ ಬ್ಯಾಕ್ಟೀರಿಯಾ) 100 ಮಿಲಿಲೀಟರಿಗೆ 500ರೊಳಗೆ. ಸ್ನಾನಘಟ್ಟದಲ್ಲಿ ನಿಂತು ಓದೋಕೆ ಇದಕ್ಕಿಂತ ಒಳ್ಳೆ ಪಟ್ಟಿ ಇಲ್ಲ.

ಲ್ಯಾಬ್‌ಮೇಡಂ

ಕಿಟ್ಟಿನಲ್ಲಿ ಕ್ಷಾರ, ಆಮ್ಲ ಎರಡೂ ಇರುತ್ತೆ, ಆದ್ದರಿಂದ ಹನಿ ಹಾಕೋದು ಟೀಚರು, ಬಣ್ಣ ಓದೋದು ಮಕ್ಕಳು. ನೀರನ್ನ ಬಕೆಟ್ಟಿನಿಂದ ಬಾಟಲಿಗೆ ಸುರಿದರೆ ಗಾಳಿ ಸೇರಿ ಅಂಕಿ ಏರುತ್ತೆ. ಬಾಟಲಿಯನ್ನೇ ಮೊಳಕೈ ಆಳಕ್ಕೆ ಮುಳುಗಿಸಿ, ನೀರೊಳಗೇ ಮುಚ್ಚಬೇಕು. ಇದು ದೊಡ್ಡವರ ಕೆಲಸ.

ಇನ್ನೊಂದು ಮೋಸ ಇದೆ, ಅದು ಬಹಳ ಜನಕ್ಕೆ ಗೊತ್ತಾಗಲ್ಲ. ಮೈಸೂರಿನ ಯಾವುದಾದರೂ ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಅಳೆದರೆ 10, 12 ಮಿಲಿಗ್ರಾಂ ಬಂದರೂ ಬರಬಹುದು. ಪರಿಶುದ್ಧ ನೀರು ನಮ್ಮ ಎತ್ತರದಲ್ಲಿ, 25 ಡಿಗ್ರಿಯಲ್ಲಿ ಹಿಡಿದಿಟ್ಟುಕೊಳ್ಳೋದೇ ಸುಮಾರು ಏಳೂವರೆ. ಹಾಗಾದರೆ ಹೆಚ್ಚಿಗೆ ಎಲ್ಲಿಂದ ಬಂತು? ಪಾಚಿಯಿಂದ. ಅದೇ ಪಾಚಿ ರಾತ್ರಿಯೆಲ್ಲ ಆಮ್ಲಜನಕ ತಿನ್ನುತ್ತೆ, ಬೆಳಗಿನ ಜಾವಕ್ಕೆ 2ಕ್ಕೂ ಇಳಿಯಬಹುದು, ಮೀನು ಬಾಯಿ ಮೇಲೆತ್ತೋದು ಆಗಲೇ. ಒಂದೇ ಅಂಕಿ ನೋಡಿ ಕೆರೆ ಚೆನ್ನಾಗಿದೆ ಅಂತ ಬರೆಯಬಾರದು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಎರಡರ ನಡುವಿನ ಅಂತರ ದೊಡ್ಡದಿದ್ದಷ್ಟೂ ನೀರಿಗೆ ಗೊಬ್ಬರ, ಚರಂಡಿ ಹೆಚ್ಚು ಸೇರಿದೆ ಅಂತ ಅನುಮಾನಿಸಿ.

ಮಲದ ಬ್ಯಾಕ್ಟೀರಿಯಾಕ್ಕೆ ಎಚ್‌ಟುಎಸ್ ಬಾಟಲಿ ಸಿಗುತ್ತೆ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿಟ್ಟರೆ, ಆ ಬ್ಯಾಕ್ಟೀರಿಯಾ ಇದ್ದಲ್ಲಿ 24ರಿಂದ 48 ಗಂಟೆಯಲ್ಲಿ ಕಪ್ಪಾಗುತ್ತೆ. ಹೊಳೆ ನೀರು ಯಾವ ಘಟ್ಟದ್ದಾದರೂ ಕೊನೆಗೆ ಕಪ್ಪಾಗುವ ಸಾಧ್ಯತೆಯೇ ಹೆಚ್ಚು, ಹಾಗಾಗಿ ಹೌದು/ಇಲ್ಲ ಅಂತ ಬರೆಸಬೇಡಿ, ಎಷ್ಟು ಗಂಟೆಗೆ ಕಪ್ಪಾಯಿತು ಅಂತ ಬರೆಸಿ. ಕುದಿಸಿ ಆರಿಸಿದ ನೀರಿನದ್ದೊಂದು ಪಕ್ಕದಲ್ಲಿರಲಿ. ಡಿಸೆಂಬರಿನ ಚಳಿಗೆ ನಿಧಾನವಾಗುತ್ತೆ. ಥರ್ಮಾಕೋಲ್ ಡಬ್ಬಿಯಲ್ಲಿ ಬಿಸಿನೀರಿನ ಬಾಟಲಿ ಜೊತೆ ಇಡಿ. ಮುಗಿದ ಮೇಲೆ ಪ್ರತಿ ಬಾಟಲಿಗೂ ಒಂದು ಚಮಚ ಬ್ಲೀಚಿಂಗ್ ಪುಡಿ, ಅರ್ಧ ಗಂಟೆ ಬಿಟ್ಟು ಶೌಚಾಲಯಕ್ಕೆ ಸುರಿಯಿರಿ. ಮಕ್ಕಳ ಕೈಗೆ ಕೊಡಬೇಡಿ.

ಬೆಲ್ಲದಚ್ಚು

ಪಿಎಚ್‌ಗೆ ಅರಿಶಿನ ಪೇಪರ್ ಸಾಕಲ್ವಾ? ಮನೇಲೇ ಮಾಡ್ಬೋದು.

ಲ್ಯಾಬ್‌ಮೇಡಂ

ಅರಿಶಿನ ಕೆಂಪಾಗೋದಕ್ಕೆ ಪಿಎಚ್ ಎಂಟರ ಮೇಲೆ ಹೋಗಬೇಕು. ಹೊಳೆ ನೀರು ಹೆಚ್ಚಾಗಿ ಏಳು, ಎಂಟರ ಆಸುಪಾಸು, ಎಲ್ಲಾ ಹಳದಿಯೇ ಕಾಣುತ್ತೆ. ಬಟ್ಟೆ ಒಗೆಯೋ ಕಲ್ಲಿನ ಹತ್ತಿರದ ಸೋಪಿನ ನೀರಿಗೆ ಮಾತ್ರ ಅರಿಶಿನ ಚೆನ್ನ. ಉಳಿದದ್ದಕ್ಕೆ ಅಂಗಡಿಯ ಪಿಎಚ್ ಪೇಪರ್.

ಎಣಿಕೆಪುಸ್ತಕ

ಕಸದ ಕಡೆಗೆ ವಾಪಸ್ ಬರೋಣ. ಹೆಕ್ಕೋ ಮೊದಲು ಎಣಿಸಬೇಕು. ಬಂದ ಕೂಡಲೇ ಚೀಲ ಕೈಗೆ ಕೊಟ್ಟರೆ ಮಕ್ಕಳು ಪಂದ್ಯ ಕಟ್ಟಿ ಓಡ್ತಾರೆ, ಯಾವುದು ಎಲ್ಲಿತ್ತು ಅನ್ನೋದೇ ಹೋಗುತ್ತೆ. 20 ಮೀಟರ್ ಉದ್ದ, ಹಗ್ಗದಿಂದ ಮೇಲಕ್ಕೆ 5 ಮೀಟರ್ ಅಗಲ, ಇದು ಎರಡು ಗುಂಪಿಗೆ ಒಂದು ಪಟ್ಟಿ. 40 ಮಕ್ಕಳಿಗೆ ನಾಲ್ಕು ಪಟ್ಟಿ. ಮೊದಲ ಹದಿನೈದು ನಿಮಿಷ ಯಾರೂ ಏನೂ ಮುಟ್ಟಬಾರದು, ನೋಡಿ ಬರೆಯೋದು ಮಾತ್ರ.

ಹಾಳೆಯಲ್ಲಿ ಸಾಲುಗಳು ಆ ಜಾಗಕ್ಕೆ ಹೊಂದಬೇಕು. ಕಡಲತೀರಕ್ಕೆ ಮಾಡಿದ ಹಾಳೆ ಇಳಿಸಿಕೊಂಡು ಬಂದರೆ ಸಿಗರೇಟಿನ ತುಂಡಿಗೆ, ಸ್ಟ್ರಾಗೆ ಸಾಲು ಇರುತ್ತೆ, ನಮ್ಮ ಮೆಟ್ಟಿಲ ಮೇಲೆ ರಾಶಿ ಬಿದ್ದಿರೋ ಪಂಚೆ, ಸೀರೆಗೆ ಇರಲ್ಲ. ಎಲ್ಲ "ಇತರೆ"ಗೆ ಹೋಗುತ್ತೆ. "ಇತರೆ" ಹತ್ತರಲ್ಲೊಂದಕ್ಕಿಂತ ಹೆಚ್ಚಾದರೆ ಹಾಳೆಯೇ ಸರಿಯಿಲ್ಲ ಅಂತ ತಿಳೀರಿ. ಸ್ನಾನಘಟ್ಟಕ್ಕೆ ಸಾಕಾಗೋ ಸಾಲು: ಬಟ್ಟೆ, ಶಾಂಪೂ-ಸೋಪಿನ ಚೀಟಿ, ಗುಟ್ಕಾ-ಪಾನ್ ಚೀಟಿ, ಕುಂಕುಮ-ಕರ್ಪೂರ-ಊದಿನಕಡ್ಡಿ ಪ್ಯಾಕೆಟ್, ದೇವರ ಫೋಟೋ, ಚೌಕಟ್ಟು, ಹೂವಿನ ಹಾರ, ನೀರಿನ ಬಾಟಲಿ, ಮುಚ್ಚಳ, ಮದ್ಯದ ಪೊಟ್ಟಣ, ಬಾಟಲಿ, ತಟ್ಟೆ-ಲೋಟ, ಥರ್ಮಾಕೋಲ್, ಕೈಚೀಲ, ಡೈಪರ್, ಗಾಜು.

ಪ್ರತಿ ಸಾಲಿಗೆ ಎದುರಾಗಿ ಎರಡು ಕಾಲಂ: "ಇಲ್ಲೇ ಬಿಟ್ಟದ್ದು", "ನೀರು ತಂದದ್ದು". ಗುರುತು ಹೇಗೆ? ಮೆಟ್ಟಿಲ ಮೇಲೆ, ಬಣ್ಣ ಹೊಸದು, ಕೆಸರಿಲ್ಲ: ಇಲ್ಲೇ ಬಿಟ್ಟದ್ದು. ಮಾಸಿದೆ, ಒಳಗೆ ಹೂಳು ಕೂತಿದೆ, ಬೇರಿಗೆ ಸಿಕ್ಕಿದೆ: ನೀರು ತಂದದ್ದು. ಹಾಲಿನ ಪ್ಯಾಕೆಟ್, ಬಿಸ್ಕತ್ ಪ್ಯಾಕೆಟ್ ಮೇಲೆ ತಾರೀಖು ಓದೋಕೆ ಬಂದರೆ ಅದೆಷ್ಟು ಹಳೇದು ಅಂತ ಅಲ್ಲೇ ಲೆಕ್ಕ. ಮಕ್ಕಳಿಗೆ ಇದೊಂದೇ ಸಾಕು, ಪತ್ತೇದಾರರ ಹಾಗೆ ಕೂತುಬಿಡ್ತಾರೆ.

ಒಡೆದ ಚೂರಿನ ನಿಯಮ ಮೊದಲೇ ಹೇಳಿಡಿ: 5 ರೂಪಾಯಿ ನಾಣ್ಯಕ್ಕಿಂತ ಚಿಕ್ಕದು ಬೇರೆ ಸಾಲು. ಇಲ್ಲದಿದ್ದರೆ ಒಂದು ಗುಂಪು ಥರ್ಮಾಕೋಲಿನ ಒಂದೊಂದು ಕಾಳನ್ನೂ ಎಣಿಸಿ "ನಾವು 900" ಅಂತ ಗೆಲ್ಲುತ್ತೆ.

ಗುಜರಿಲೆಕ್ಕ

ಎಣಿಕೆ ಯಾಕೆ, ತೂಕ ಮಾಡಿದ್ರೆ ಮುಗೀತು. ಫೋಟೋಗೂ ಚೆನ್ನಾಗಿರುತ್ತೆ, "320 ಕೆಜಿ ಕಸ ತೆಗೆದರು" ಅಂತ.

ಎಣಿಕೆಪುಸ್ತಕ

ಆ 320 ಕೆಜಿಯಲ್ಲಿ ನೀರೆಷ್ಟು? ಒದ್ದೆ ನೂಲಿನ ಬಟ್ಟೆ ಒಣಗಿದ್ದಕ್ಕಿಂತ ಎರಡು ಮೂರು ಪಟ್ಟು ತೂಗುತ್ತೆ. ಬಟ್ಟೆಯೊಂದೇ ಎಲ್ಲವನ್ನೂ ಮುಚ್ಚಿಹಾಕುತ್ತೆ, ಸಾವಿರ ಶಾಂಪೂ ಚೀಟಿ ಸೇರಿದರೂ ಎರಡು ಒದ್ದೆ ಸೀರೆಯಷ್ಟು ಭಾರ ಬರಲ್ಲ. ತಕ್ಕಡಿ ಬೇಕಿರೋದು ಚೀಲ 8 ಕೆಜಿ ದಾಟದ ಹಾಗೆ ನೋಡೋಕೆ, ಮಕ್ಕಳು ಅದಕ್ಕಿಂತ ಹೆಚ್ಚು ಎತ್ತಬಾರದು.

ಗುಜರಿಲೆಕ್ಕ

ಸರಿ ಸರಿ, ಒಪ್ಪಿದೆ. ಆದರೆ ಚೀಲ ಎಲ್ಲಿಗೆ ಹೋಗುತ್ತೆ ಅಂತ ಯಾರೂ ಹೇಳಲಿಲ್ಲವಲ್ಲ. ಅರ್ಧ ಕಾರ್ಯಕ್ರಮ ಕೆಡೋದು ಇಲ್ಲಿ. ಚೀಲ ಘಟ್ಟದ ಮೇಲೆ ಸಾಲಾಗಿಟ್ಟು ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ನಾಯಿ, ಕೋತಿ ಹರಿದು ಹಾಕ್ತವೆ, ಸಂಜೆಗೆ ಮತ್ತೆ ನೀರಲ್ಲಿ.

ವಾರ ಮುಂಚೆ ಪುರಸಭೆಯ ಆರೋಗ್ಯ ನಿರೀಕ್ಷಕರಿಗೆ ಪತ್ರ ಕೊಟ್ಟು ಗಾಡಿ ಎಷ್ಟು ಗಂಟೆಗೆ ಅಂತ ಮಾತಾಡಿಕೊಳ್ಳಿ. ಹಳ್ಳಿಯ ಘಟ್ಟವಾದರೆ ಗ್ರಾಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣ (ಕಸ ವಿಂಗಡಿಸೋ ಘಟಕ). ಗಾಡಿ ಕಣ್ಣೆದುರು ಹೊರಟ ಮೇಲೆ ನೀವು ಹೊರಡಿ. ವಿಂಗಡಣೆ ಅಲ್ಲೇ: ಬಾಟಲಿ, ಗಟ್ಟಿ ಪ್ಲಾಸ್ಟಿಕ್, ಗಾಜು, ಲೋಹ ಗುಜರಿಯವರು ತಗೋತಾರೆ. ಒಳಗೆ ಬೆಳ್ಳಿ ಹೊಳಪಿನ ಚೀಟಿಗಳನ್ನ ಯಾರೂ ಕೊಳ್ಳಲ್ಲ, ಪದರ ಪದರ ಅಂಟಿಸಿರೋದನ್ನ ಬೇರೆ ಮಾಡೋಕಾಗಲ್ಲ. ಅದು ಪುರಸಭೆ ಗಾಡಿಗೆ. ಹಾರದ ಹೂವು ಗೊಬ್ಬರಕ್ಕೆ, ಆದರೆ ನೈಲಾನ್ ದಾರ, ಜರಿ ಬಿಡಿಸಿದ ಮೇಲೆ. ಡೈಪರ್ ಪೇಪರಿನಲ್ಲಿ ಸುತ್ತಿ ಬೇರೆ ಚೀಲ. ಯಾವುದನ್ನೂ ಸುಡೋ ಮಾತಿಲ್ಲ. ಒಣ ಎಲೆ, ಕಡ್ಡಿ, ಕಪ್ಪೆಚಿಪ್ಪು ಕಸ ಅಲ್ಲ, ಮುಟ್ಟಬೇಡಿ. ದಡದ ಹುಲ್ಲು ಕಿತ್ತು "ಚೊಕ್ಕ" ಮಾಡಿದರೆ ಮಳೆಗೆ ಮಣ್ಣು ಕುಸಿಯುತ್ತೆ.

ಸೀಮೆಸುಣ್ಣ

ಪ್ಲಾಸ್ಟಿಕ್ ಬಾಟಲಿ ಕರಗೋಕೆ 450 ವರ್ಷ ಅಂತ ಚಾರ್ಟ್ ಒಂದು ಗೋಡೆ ಮೇಲಿದೆ. ಅದನ್ನ ಹೇಳಬಹುದಾ?

ಎಣಿಕೆಪುಸ್ತಕ

ಚಾರ್ಟ್ ಇಳಿಸಿಬಿಡಿ. ಪೆಟ್ ಬಾಟಲಿಗೆ ಪೇಟೆಂಟ್ ಸಿಕ್ಕಿದ್ದೇ 1973ರಲ್ಲಿ. 450 ವರ್ಷ ಕಾದು ನೋಡಿದವರು ಯಾರು? ಬಿಸಿಲಲ್ಲಿ ಚೂರಾಗೋದು ಬೇರೆ, ಇಲ್ಲದಂತಾಗೋದು ಬೇರೆ. "ಚೂರಾಗುತ್ತೆ, ಹೋಗಲ್ಲ" ಅಂತ ಹೇಳಿ. ತೋರಿಸೋಕೆ ಒಂದು ಪ್ರಯೋಗ ಇದೆ. ದಡದ ಮರಳು ಎರಡು ಲೋಟ ಒಣಗಿಸಿ, ಸ್ಟೀಲ್ ಜರಡಿ ಹಿಡಿದು, 1 ಲೀಟರ್ ನೀರಿಗೆ 350 ಗ್ರಾಂ ಅಡುಗೆ ಉಪ್ಪು ಕರಗಿಸಿದ ನೀರಲ್ಲಿ ಕದಡಿ ಹತ್ತು ನಿಮಿಷ ಬಿಡಿ. ಮರಳು ಕೆಳಗೆ, ಹಗುರ ಪ್ಲಾಸ್ಟಿಕ್ ಚೂರು ಮೇಲೆ. ಅದನ್ನ ಟೀ ಸೋಸೋ ಸ್ಟೀಲ್ ಜಾಲರಿಯಲ್ಲಿ ಎತ್ತಿ. ಬಟ್ಟೆಯಲ್ಲಿ ಸೋಸಬೇಡಿ, ಬಟ್ಟೆಯ ಎಳೆಯೇ ಬಂದು ಸೇರುತ್ತೆ.

ಹಾಗೇ ಬಾಟಲಿ ಕತ್ತರಿಸಿದ ಚೂರು, ಅದರ ಮುಚ್ಚಳದ ಚೂರು ಎರಡನ್ನೂ ಬರೀ ನೀರಿಗೆ ಹಾಕಿಸಿ. ಮುಚ್ಚಳ ತೇಲುತ್ತೆ, ಬಾಟಲಿ ಮುಳುಗುತ್ತೆ, ಉಪ್ಪುನೀರಲ್ಲೂ ಮುಳುಗುತ್ತೆ. ಕಡಲತೀರದಲ್ಲಿ ಬಿಡಿ ಮುಚ್ಚಳ ಯಾಕೆ ಅಷ್ಟು ಸಿಗುತ್ತೆ ಅನ್ನೋದಕ್ಕೆ ಒಂದು ಕಾರಣ ಇದು.

ನೀರ್ಗಂಟಿ

ಗಣಿತಕ್ಕೂ ಒಂದು: ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಪತ್ರಿಕೆಯ ಹೊರಹರಿವನ್ನ 5,000 ಲೀಟರ್ ಟ್ಯಾಂಕರ್‌ಗೆ ಲೆಕ್ಕ ಹಾಕಲಿ. 10,000 ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 57 ಟ್ಯಾಂಕರ್. ಬೇಸಿಗೆಯಲ್ಲಿ ನೀರು ಇಳಿದಾಗ ಅದೇ ಹೊಳೆಗೆ ಅಷ್ಟೇ ಚರಂಡಿ ಬಂದರೆ ಯಾಕೆ ನಾರುತ್ತೆ ಅನ್ನೋದು ಅಲ್ಲೇ ಹೊಳೆಯುತ್ತೆ.

ಕಾನೂನಿನ ಪಾಠಕ್ಕೆ: ರಾಜ್ಯದ ಪ್ಲಾಸ್ಟಿಕ್ ನಿಷೇಧ 2016ರ ಮಾರ್ಚ್‌ನಿಂದ, ದೇಶದ ಏಕಬಳಕೆ ವಸ್ತುಗಳ ನಿಷೇಧ 2022ರ ಜುಲೈ 1ರಿಂದ. ಎಣಿಸಿದ್ದರಲ್ಲಿ ನಿಷೇಧದ ಪಟ್ಟಿಯಲ್ಲಿ ಇರೋದು ಯಾವುದು, ಇಲ್ಲದ್ದು ಯಾವುದು ಅಂತ ಗುರುತು ಹಾಕಲಿ. ತಟ್ಟೆ ಲೋಟ ಪಟ್ಟಿಯಲ್ಲಿವೆ. 2022ರ ಪಟ್ಟಿಯಲ್ಲಿ ಶಾಂಪೂ ಚೀಟಿ ಇಲ್ಲ, ನೀರಿನ ಬಾಟಲಿ ಇಲ್ಲ.

ಹರಿಗೋಲು

ಸಮುದ್ರದ ದಿನಕ್ಕೆ ಎರಡೇ ಮಾತು. ಉಬ್ಬರ ಇಳಿತದ ವೇಳಾಪಟ್ಟಿ ನೋಡಿ, ಇಳಿತಕ್ಕೆ ಎರಡು ಗಂಟೆ ಮುಂಚೆ ಶುರು ಮಾಡಿ, ಇಳಿತದ ಹೊತ್ತಿಗೆ ಮುಗಿಸಿ. ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ಹಾಗಾಗಿ ಹೋದ ವಾರದ ಸಮಯ ಈ ವಾರಕ್ಕೆ ಇಲ್ಲ. ಎಣಿಕೆ ಮಾಡೋದು ಉಬ್ಬರ ಬಿಟ್ಟುಹೋದ ಗೆರೆಯ ಉದ್ದಕ್ಕೂ, 20 ಮೀಟರ್. ಮರಳಲ್ಲಿ ಹೂತ ಬಲೆ ಎಳೆಯಬೇಡಿ, ಅದು ಎಷ್ಟು ಆಳಕ್ಕಿದೆ ಗೊತ್ತಾಗಲ್ಲ, ಕೈ ಕೊಯ್ಯುತ್ತೆ.

ಸೀಮೆಸುಣ್ಣ

ಎಲ್ಲ ಬರೆದುಕೊಂಡೆ. ಜನವರಿ ಎರಡನೇ ವಾರ, ಬುಧವಾರ, ಸ್ನಾನಘಟ್ಟ. ಆದರೆ ಒಂದೇ ಸಲ ಮಾಡಿದರೆ ಸಾಕಾ?

ಎಣಿಕೆಪುಸ್ತಕ

ಎರಡನೇ ಸಲ ಹೋಗದಿದ್ದರೆ ಮೊದಲನೆಯದು ಫೋಟೋ ಅಷ್ಟೆ. 28 ದಿನ ಬಿಟ್ಟು ಅದೇ ಪಟ್ಟಿಗಳಿಗೆ ಹೋಗಿ, 10 ಮಕ್ಕಳು ಸಾಕು. ಮೊದಲ ದಿನ ಪಟ್ಟಿ ಪೂರ್ತಿ ಖಾಲಿ ಮಾಡಿದ್ದರೆ ಈಗ ಇರೋದೆಲ್ಲ 28 ದಿನದ್ದು. ಉದಾಹರಣೆಗೆ 280 ಸಿಕ್ಕಿದರೆ ದಿನಕ್ಕೆ 10. ನಡುವೆ ಹಬ್ಬ, ಜಾತ್ರೆ ಬಂದಿದ್ದರೆ, ಪೌರಕಾರ್ಮಿಕರು ಗುಡಿಸಿದ್ದರೆ ಅದನ್ನೂ ಕೇಳಿ ಬರೆಯಬೇಕು. ಆ ಅಂಕಿ ಹಾಕಿ ಪುರಸಭೆಗೆ ಮಕ್ಕಳೇ ಪತ್ರ ಬರೀಲಿ: ಯಾವ ಮೆಟ್ಟಿಲ ಹತ್ತಿರ, ಯಾವ ಕಸ, ದಿನಕ್ಕೆ ಎಷ್ಟು, ಹತ್ತಿರದ ತೊಟ್ಟಿಗೆ ಎಷ್ಟು ಹೆಜ್ಜೆ.

ಪಟ್ಟಿಯ ನಾಲ್ಕು ಮೂಲೆ ಮರೆತು ಹೋಗುತ್ತೆ, ಸೀಮೆಸುಣ್ಣ ಮಳೆಗೆ ಅಳಿಯುತ್ತೆ, ಹಳೇ ಕಲ್ಲಿನ ಮೇಲೆ ಬಣ್ಣ ಬಳಿಯಬಾರದು. ಯಾವ ಕಂಬದಿಂದ ಎಷ್ಟು ಮೀಟರ್ ಅಂತ ಅಳೆದು ಹಾಳೆಯ ಮೇಲ್ಗಡೆ ಬರೆದಿಡಿ.

ಬೆಲ್ಲದಚ್ಚು

ಮೇಷ್ಟ್ರೇ, ಜನವರಿ ಎರಡನೇ ವಾರ ಅಂದ್ರೆ ಸಂಕ್ರಾಂತಿ ಮಗ್ಗುಲಲ್ಲೇ. ಘಟ್ಟ ತುಂಬ ಜನ ಇರ್ತಾರೆ. ನಾಕನೇ ವಾರಕ್ಕೆ ಹಾಕ್ಕಳಿ.

ಸೀಮೆಸುಣ್ಣ

ಹೌದಲ್ಲ. ಕೊನೆ ಬುಧವಾರಕ್ಕೆ ಬದಲಾಯಿಸಿದೆ.